ಗೌಜಲಕ್ಕಿ ಪಂಜರದಲ್ಲಿ ಹಕ್ಕಿಗಳ ಸಾಂದ್ರತೆ: ಮೊಟ್ಟೆಯ ಇಳುವರಿ ಮತ್ತು ಗುಣಮಟ್ಟದ ಮೇಲೆ ಅದರ ಪರಿಣಾಮ

ಪೀಠಿಕೆ

ಗಿರಿನಗರ, ಬನಶಂಕರಿ, ಜಯನಗರ, ಜೆ.ಪಿ. ನಗರಗಳಂತಹ ಬಡಾವಣೆಗಳ ಗ್ರಾಹಕರಿಗೆ ಗೌಜಲಕ್ಕಿಯ ಮೊಟ್ಟೆ ಇಂದು ಅಪರಿಚಿತ ವಸ್ತುವಲ್ಲ. ಪಾರದರ್ಶಕ ಪೆಟ್ಟಿಗೆಯಲ್ಲಿ ಡಜನ್ ಲೆಕ್ಕದಲ್ಲಿ ಮಾರಾಟವಾಗುವ, ಕಂದು ಚುಕ್ಕೆಗಳಿಂದ ಕೂಡಿದ ಈ ಪುಟ್ಟ ಮೊಟ್ಟೆಗೆ ಮನೆಗಳಲ್ಲಿಯೂ ಹೋಟೆಲುಗಳಲ್ಲಿಯೂ ಬೇಡಿಕೆಯಿದೆ. ಈ ಬೇಡಿಕೆಯನ್ನು ಕಂಡು ಸಾಕಣೆಗೆ ಇಳಿಯಬಯಸುವ ಸಣ್ಣ ಉದ್ದಿಮೆದಾರರ ಮುಂದೆ ಸಾಮಾನ್ಯವಾಗಿ ಮೂರು ಆಕರ್ಷಣೆಗಳನ್ನು ಇಡಲಾಗುತ್ತದೆ: ಕಡಿಮೆ ಜಾಗ, ಕಡಿಮೆ ಬಂಡವಾಳ, ಬೇಗ ಆರಂಭವಾಗುವ ಆದಾಯ. ಇವುಗಳಲ್ಲಿ ಎರಡನೆಯದೂ ಮೂರನೆಯದೂ ಬಹುಮಟ್ಟಿಗೆ ನಿಜ. ಮೊದಲನೆಯದನ್ನು ಮಾತ್ರ ಅನೇಕರು ತಪ್ಪಾಗಿ ಅರ್ಥೈಸಿಕೊಳ್ಳುತ್ತಾರೆ. ಹಕ್ಕಿ ಚಿಕ್ಕದು, ಆದುದರಿಂದ ಪಂಜರದಲ್ಲಿ ಇನ್ನೂ ಹತ್ತು ಹಕ್ಕಿಗಳನ್ನು ಸೇರಿಸಿದರೆ ಇನ್ನೂ ಹತ್ತು ಹಕ್ಕಿಗಳ ಲಾಭ ಬರುತ್ತದೆ ಎಂಬುದು ಆ ತಪ್ಪು ತಿಳಿವಳಿಕೆ.

ಪಂಜರದಲ್ಲಿ ಪ್ರತಿ ಹಕ್ಕಿಗೆ ದೊರೆಯುವ ಜಾಗ ಕಡಿಮೆಯಾದಂತೆ ಮೊಟ್ಟೆಯ ಸಂಖ್ಯೆ, ಗುಣಮಟ್ಟ ಹಾಗೂ ಸಾಕಣೆದಾರನ ಆದಾಯ ಹೇಗೆ ಬದಲಾಗುತ್ತವೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

ಹಕ್ಕಿಯ ಪರಿಚಯ

ನಮ್ಮಲ್ಲಿ ಮೊಟ್ಟೆಗಾಗಿ ಸಾಕುವ ಗೌಜಲಕ್ಕಿ ಜಪಾನೀ ತಳಿಯದು. ಜಪಾನಿನಲ್ಲಿ ಮೊದಲು ಅದರ ಕೂಗಿಗಾಗಿ ಸಾಕಲ್ಪಟ್ಟ ಈ ಹಕ್ಕಿ 20ನೆಯ ಶತಮಾನದ ಆರಂಭದಲ್ಲಿ ಮೊಟ್ಟೆಯ ಉದ್ದಿಮೆಗೆ ಆಧಾರವಾಯಿತು. ಎರಡನೆಯ ಮಹಾಯುದ್ಧದಲ್ಲಿ ಆ ಉದ್ದಿಮೆ ಬಹುತೇಕ ನಾಶವಾಗಿ, ಉಳಿದ ಕೆಲವೇ ಹಕ್ಕಿಗಳಿಂದ ಪುನಃ ಬೆಳೆಯಿತು. ಭಾರತಕ್ಕೆ ಇದು 1974ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಿಂದ ಬಂದಿತು. ಉತ್ತರ ಪ್ರದೇಶದ ಇಜ್ಜತ್‌ನಗರದಲ್ಲಿರುವ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆಯು ಇದರ ತಳಿ ಅಭಿವೃದ್ಧಿಯ ಕಾರ್ಯವನ್ನು ಕೈಗೊಂಡಿತು. ನಮ್ಮ ಹೊಲಗದ್ದೆಗಳಲ್ಲಿ ಕಾಣುವ ಕಾಡು ಲಾವುಗೆಗಳನ್ನು ಹಿಡಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯನ್ವಯ ಅಪರಾಧವಾಗಿದ್ದು, ಸಾಕುವ ಜಪಾನೀ ತಳಿಯನ್ನು ಅಧಿಕೃತ ಮೂಲದಿಂದ ಖರೀದಿಸಿ ರಸೀದಿಯನ್ನು ಇಟ್ಟುಕೊಳ್ಳುವುದು ವಿವೇಕದ ಕ್ರಮ.

ಹೆಣ್ಣು ಹಕ್ಕಿಯು ಆರರಿಂದ ಏಳು ವಾರಗಳ ವಯಸ್ಸಿನಲ್ಲಿ ಮೊಟ್ಟೆ ಇಡಲು ತೊಡಗುತ್ತದೆ. ಉತ್ತಮ ಪಾಲನೆಯಲ್ಲಿ ವರ್ಷಕ್ಕೆ 280ರಷ್ಟು ಮೊಟ್ಟೆಗಳನ್ನು ನಿರೀಕ್ಷಿಸಬಹುದು. ಮೊಟ್ಟೆಯ ತೂಕ 9ರಿಂದ 12 ಗ್ರಾಂ. ಹಕ್ಕಿಯ ತೂಕ ಸುಮಾರು 160ರಿಂದ 200 ಗ್ರಾಂ ಮಾತ್ರ. ಕೋಳಿಯ ಮೊಟ್ಟೆ ಅದರ ದೇಹತೂಕದ ಶೇಕಡಾ 3ರಿಂದ 4ರಷ್ಟಿದ್ದರೆ, ಗೌಜಲಕ್ಕಿಯದು ಶೇಕಡಾ 6ರಷ್ಟಿರುತ್ತದೆ. ತನ್ನ ಗಾತ್ರಕ್ಕೆ ಹೋಲಿಸಿದರೆ ಇಷ್ಟು ಭಾರಿ ಉತ್ಪಾದನೆಯನ್ನು ಪ್ರತಿದಿನ ನಡೆಸುವ ಜೀವಿಗೆ ಮೇವು, ನೀರು, ಗಾಳಿ, ವಿಶ್ರಾಂತಿಗಳಲ್ಲಿ ಸ್ವಲ್ಪ ಕೊರತೆಯಾದರೂ ಮೊದಲು ಪೆಟ್ಟು ಬೀಳುವುದು ಮೊಟ್ಟೆಗೇ.

ಸಾಂದ್ರತೆ ಎಂದರೇನು?

ಪಂಜರದ ತಳದ ವಿಸ್ತೀರ್ಣವನ್ನು ಹಕ್ಕಿಗಳ ಸಂಖ್ಯೆಯಿಂದ ಭಾಗಿಸಿದಾಗ ಒಂದು ಹಕ್ಕಿಗೆ ದೊರೆಯುವ ಜಾಗ ತಿಳಿಯುತ್ತದೆ. ಒಂದು ಚದರಡಿಯೆಂದರೆ 929 ಚದರ ಸೆಂಟಿಮೀಟರು. ಸಾಮಾನ್ಯವಾಗಿ ಬಳಕೆಯಲ್ಲಿರುವ 4 ಅಡಿ ಉದ್ದ, 2.5 ಅಡಿ ಅಗಲದ ಪಂಜರವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದರ ತಳ 10 ಚದರಡಿ, ಅಂದರೆ 9,290 ಚದರ ಸೆಂ.ಮೀ. ಇದರಲ್ಲಿ 40 ಹಕ್ಕಿಗಳಿದ್ದರೆ ತಲಾ 232, 50 ಹಕ್ಕಿಗಳಿದ್ದರೆ 186, 62 ಹಕ್ಕಿಗಳಿದ್ದರೆ 150, 80 ಹಕ್ಕಿಗಳಿದ್ದರೆ 116 ಚದರ ಸೆಂ.ಮೀ. ಜಾಗ ದೊರೆಯುತ್ತದೆ. ಮೊಟ್ಟೆಯ ಗೌಜಲಕ್ಕಿಗೆ ಪಂಜರದಲ್ಲಿ ತಲಾ 150ರಿಂದ 200 ಚದರ ಸೆಂ.ಮೀ. ಜಾಗ ಬೇಕೆಂಬುದು ನಮ್ಮ ದೇಶದಲ್ಲಿ ಸಾಮಾನ್ಯವಾಗಿ ನೀಡಲಾಗುವ ಸಲಹೆ.

ಇಲ್ಲಿ ಒಂದು ಸಂದೇಹ ಬರಬಹುದು. ಮೊಟ್ಟೆ ಕೋಳಿಗಳ ಬಗ್ಗೆ ಕೇಂದ್ರ ಸರ್ಕಾರವು 2023ರಲ್ಲಿ ಹೊರಡಿಸಿದ ನಿಯಮಗಳು ಪ್ರತಿ ಕೋಳಿಗೆ ಕನಿಷ್ಠ 550 ಚದರ ಸೆಂ.ಮೀ. ಜಾಗವನ್ನು ಗೊತ್ತುಪಡಿಸಿವೆ. ಒಂದೂವರೆ ಕಿಲೋ ತೂಗುವ ಕೋಳಿಗೆ ಇಷ್ಟಾದರೆ, ಅದರ ಎಂಟನೆಯ ಒಂದು ಭಾಗದಷ್ಟು ತೂಗುವ ಗೌಜಲಕ್ಕಿಗೆ 69 ಚದರ ಸೆಂ.ಮೀ. ಸಾಕಲ್ಲವೇ? ಸಾಲದು. ಹಕ್ಕಿಯ ಗಾತ್ರ ಕುಗ್ಗಿದಷ್ಟು ವೇಗವಾಗಿ ಅದು ನಿಲ್ಲಲು ಬೇಕಾದ ನೆಲ ಕುಗ್ಗುವುದಿಲ್ಲ. ತೂಕ ಎಂಟು ಪಟ್ಟು ಇಳಿದಾಗ ದೇಹದ ಮೇಲ್ಮೈ ಸುಮಾರು ನಾಲ್ಕು ಪಟ್ಟು ಮಾತ್ರ ಇಳಿಯುತ್ತದೆ. ಈ ಲೆಕ್ಕದಂತೆ ಗೌಜಲಕ್ಕಿಗೆ ಸುಮಾರು 135 ಚದರ ಸೆಂ.ಮೀ. ಬರುತ್ತದೆ. ಇದಕ್ಕೆ ಗೌಜಲಕ್ಕಿಯ ಚುರುಕು ಸ್ವಭಾವವನ್ನೂ ಬೆದರಿ ನೆಗೆಯುವ ಗುಣವನ್ನೂ ಸೇರಿಸಿದಾಗ 150ಕ್ಕಿಂತ ಕೆಳಗಿಳಿಯಬಾರದೆಂಬ ಸಲಹೆಯ ಅರ್ಥ ಸ್ಪಷ್ಟವಾಗುತ್ತದೆ.

ಇಳುವರಿಯ ಮೇಲಿನ ಪರಿಣಾಮ

ಮೊಟ್ಟೆಯ ಇಳುವರಿಯನ್ನು ಎರಡು ಬಗೆಯಲ್ಲಿ ಅಳೆಯುವುದು ರೂಢಿ. ಆ ದಿನ ಬದುಕಿರುವ ಹಕ್ಕಿಗಳ ಸಂಖ್ಯೆಯಿಂದ ಮೊಟ್ಟೆಗಳನ್ನು ಭಾಗಿಸುವುದು ‘ಹೆನ್-ಡೇ’ ಪ್ರಮಾಣ. ಆರಂಭದಲ್ಲಿ ಪಂಜರಕ್ಕೆ ಬಿಟ್ಟ ಹಕ್ಕಿಗಳ ಸಂಖ್ಯೆಯಿಂದ ಭಾಗಿಸುವುದು ‘ಹೆನ್-ಹೌಸ್ಡ್’ ಪ್ರಮಾಣ. ಇಕ್ಕಟ್ಟಾದ ಪಂಜರದಲ್ಲಿ ಸಾವು ಹೆಚ್ಚುವುದರಿಂದ ಈ ಎರಡು ಅಂಕಿಗಳ ನಡುವಿನ ಅಂತರ ಹಿಗ್ಗುತ್ತದೆ. ಮೊದಲ ಅಂಕಿಯನ್ನಷ್ಟೇ ನೋಡುವ ಸಾಕಣೆದಾರನಿಗೆ ಸತ್ತ ಹಕ್ಕಿಯ ನಷ್ಟ ಕಣ್ಣಿಗೆ ಬೀಳುವುದೇ ಇಲ್ಲ. ಹಕ್ಕಿಗೆ ಕೊಟ್ಟ ಹಣ ವಸೂಲಾಯಿತೇ ಎಂಬುದನ್ನು ತಿಳಿಸುವುದು ಎರಡನೆಯ ಅಂಕಿ.

ಸಾಂದ್ರತೆ ಹೆಚ್ಚಿದಾಗ ಇಳುವರಿ ಕುಗ್ಗಲು ಮುಖ್ಯವಾಗಿ ನಾಲ್ಕು ಕಾರಣಗಳಿವೆ.

ಮೊದಲನೆಯದು ಮೇವಿನ ತೊಟ್ಟಿಯ ಮುಂದಿನ ಜಾಗ. 4 ಅಡಿಯ ತೊಟ್ಟಿ ಪಂಜರದ ಒಂದೇ ಬದಿಗಿದ್ದರೆ ಅದರ ಉದ್ದ 122 ಸೆಂ.ಮೀ. 50 ಹಕ್ಕಿಗಳಿಗೆ ತಲಾ 2.4 ಸೆಂ.ಮೀ. ಬರುತ್ತದೆ, 80 ಹಕ್ಕಿಗಳಿದ್ದರೆ 1.5 ಸೆಂ.ಮೀ. ಮಾತ್ರ. ಬಲಿಷ್ಠ ಹಕ್ಕಿಗಳು ತೊಟ್ಟಿಯನ್ನು ಆಕ್ರಮಿಸಿಕೊಂಡು ಬಲಹೀನ ಹಕ್ಕಿಗಳು ಹಿಂದೆ ಉಳಿಯುತ್ತವೆ. ಪಂಜರದ ಸರಾಸರಿ ಮೇವು ಸರಿಯಾಗಿದ್ದರೂ ಹಿಂದುಳಿದ ಹಕ್ಕಿ ಮೊಟ್ಟೆ ನಿಲ್ಲಿಸುತ್ತದೆ.

ಎರಡನೆಯದು ಶಾಖ. ಹಕ್ಕಿಯ ದೇಹದ ಉಷ್ಣತೆ 41 ಡಿಗ್ರಿ ಸೆಲ್ಸಿಯಸ್ಸಿಗೂ ಮೇಲ್ಪಟ್ಟದ್ದು. ಒತ್ತೊತ್ತಾಗಿ ನಿಂತ ಹಕ್ಕಿಗಳಿಗೆ ರೆಕ್ಕೆ ಅಗಲಿಸಿ ಶಾಖವನ್ನು ಹೊರಹಾಕಲು ಅವಕಾಶವಿಲ್ಲ. ಬೆಂಗಳೂರಿನ ಹವೆ ವರ್ಷದ ಬಹುಭಾಗ ಗೌಜಲಕ್ಕಿಗೆ ಹಿತಕರವಾದದ್ದೇ. ಆದರೆ ಮಾರ್ಚಿನಿಂದ ಮೇ ತಿಂಗಳವರೆಗೆ ಶೀಟು ಹೊದಿಸಿದ ಷೆಡ್ಡಿನ ಮೇಲಿನ ಅಂತಸ್ತಿನ ಪಂಜರಗಳಲ್ಲಿ ಪರಿಸ್ಥಿತಿ ಬೇರೆಯೇ ಆಗಿರುತ್ತದೆ. ಸೆಕೆಗೆ ಹಕ್ಕಿ ಮೇವು ಕಡಿಮೆ ಮಾಡುತ್ತದೆ. ಮೊಟ್ಟೆಯ ಸಂಖ್ಯೆಯೂ ಚಿಪ್ಪಿನ ದಪ್ಪವೂ ಇಳಿಯುತ್ತವೆ.

ಮೂರನೆಯದು ಹಿಕ್ಕೆಯಿಂದ ಏಳುವ ಅಮೋನಿಯಾ. ಹಕ್ಕಿಗಳು ಹೆಚ್ಚಿದಂತೆ ತಟ್ಟೆಯಲ್ಲಿ ಬೀಳುವ ಹಿಕ್ಕೆಯೂ ತೇವವೂ ಹೆಚ್ಚುತ್ತವೆ. ಷೆಡ್ಡಿನೊಳಗೆ ಕಾಲಿಟ್ಟೊಡನೆ ಕಣ್ಣು ಉರಿಯತೊಡಗಿದರೆ ಹಕ್ಕಿಗಳ ಶ್ವಾಸಕೋಶಕ್ಕೆ ಆಗಲೇ ಹಾನಿ ಆರಂಭವಾಗಿದೆಯೆಂದು ತಿಳಿಯಬೇಕು.

ನಾಲ್ಕನೆಯದು ಪರಸ್ಪರ ಕುಕ್ಕುವಿಕೆ ಮತ್ತು ಬೆದರಿಕೆ. ಗೌಜಲಕ್ಕಿ ಬೆದರಿದಾಗ ನೇರವಾಗಿ ಮೇಲಕ್ಕೆ ನೆಗೆಯುತ್ತದೆ. ಒಂದು ನೆಗೆದರೆ ಇಕ್ಕಟ್ಟಿನ ಪಂಜರವೆಲ್ಲ ಅಲ್ಲೋಲಕಲ್ಲೋಲವಾಗುತ್ತದೆ. ತಲೆಗೆ ಗಾಯ, ಬೆನ್ನಿನ ಪುಕ್ಕ ಕಿತ್ತುಹೋಗುವುದು, ರಕ್ತ ಕಂಡ ಕಡೆ ಉಳಿದವು ಕುಕ್ಕುವುದು, ಇವು ಸಾವಿನಲ್ಲಿ ಕೊನೆಗೊಳ್ಳುತ್ತವೆ. ಪುಕ್ಕ ಕಳೆದುಕೊಂಡ ಹಕ್ಕಿಯು ಚಳಿಗಾಲದಲ್ಲಿ ಮೈ ಬೆಚ್ಚಗಿಟ್ಟುಕೊಳ್ಳಲೆಂದೇ ಹೆಚ್ಚು ಮೇವು ತಿನ್ನುತ್ತದೆ.

ಗುಣಮಟ್ಟದ ಮೇಲಿನ ಪರಿಣಾಮ

ಮೊಟ್ಟೆಯ ಗುಣವನ್ನು ಹೊರಗಿನದು, ಒಳಗಿನದು ಎಂದು ಎರಡಾಗಿ ವಿಂಗಡಿಸಬಹುದು. ತೂಕ, ಆಕಾರ, ಚಿಪ್ಪಿನ ದಪ್ಪ, ಬಣ್ಣ, ಸ್ವಚ್ಛತೆ, ಬಿರುಕು ಇವು ಹೊರಗಿನ ಗುಣಗಳು. ಬಿಳಿ ಲೋಳೆಯ ಎತ್ತರ, ಹಳದಿಯ ಎತ್ತರಕ್ಕೂ ಅಗಲಕ್ಕೂ ಇರುವ ಅನುಪಾತ, ಹಳದಿಯ ಬಣ್ಣ ಇವು ಒಳಗಿನ ಗುಣಗಳು. ಬಿಳಿ ಲೋಳೆಯ ಎತ್ತರವನ್ನು ಮೊಟ್ಟೆಯ ತೂಕದೊಡನೆ ಹೊಂದಿಸಿ ಲೆಕ್ಕ ಹಾಕುವ ‘ಹಾ ಯೂನಿಟ್’ ಎಂಬ ಅಳತೆಯನ್ನು ರೇಮಂಡ್ ಹಾ ಎಂಬುವರು 1937ರಲ್ಲಿ ಕೋಳಿಮೊಟ್ಟೆಗಾಗಿ ರೂಪಿಸಿದರು. ಗೌಜಲಕ್ಕಿಯ ಮೊಟ್ಟೆಗೂ ಅದನ್ನೇ ಬಳಸುವ ರೂಢಿಯಿದೆ.

ಈ ವಿಷಯದಲ್ಲಿ ಒಂದು ಅಂಶವನ್ನು ಓದುಗರು ವಿಶೇಷವಾಗಿ ಗಮನಿಸಬೇಕು. ಇಕ್ಕಟ್ಟಿನ ಪರಿಣಾಮವು ಮೊಟ್ಟೆಯ ಒಳಗುಣದಲ್ಲಿ ಅಷ್ಟಾಗಿ ಕಾಣಿಸಿಕೊಳ್ಳುವುದಿಲ್ಲ. ಲೋಳೆಯ ಎತ್ತರವನ್ನೂ ಹಳದಿಯ ಬಣ್ಣವನ್ನೂ ನಿರ್ಧರಿಸುವುದು ಹೆಚ್ಚಾಗಿ ಹಕ್ಕಿಯ ವಯಸ್ಸು, ಮೇವಿನ ಸ್ವರೂಪ, ಮೊಟ್ಟೆ ಹಳತಾದ ದಿನಗಳು ಮತ್ತು ಇಟ್ಟ ಸ್ಥಳದ ಉಷ್ಣತೆ. ಆದುದರಿಂದ ಒಂದು ಮೊಟ್ಟೆಯನ್ನು ಒಡೆದು ನೋಡಿ ಪಂಜರ ಸರಿಯಾಗಿದೆಯೆಂದು ತೀರ್ಮಾನಿಸುವುದು ಸಾಧ್ಯವಿಲ್ಲ.

ಪರಿಣಾಮ ಎದ್ದು ಕಾಣುವುದು ಹೊರಗಿನ ಗುಣಗಳಲ್ಲಿ. ಗೌಜಲಕ್ಕಿಯ ಮೊಟ್ಟೆಯ ಚಿಪ್ಪು ಸುಮಾರು 0.2 ಮಿಲಿಮೀಟರಿನಷ್ಟು ತೆಳು. ಪಂಜರದ ಇಳಿಜಾರಾದ ತಂತಿ ತಳದ ಮೇಲೆ ಮೊಟ್ಟೆ ಉರುಳಿ ಮುಂದಿನ ತೊಟ್ಟಿಗೆ ಬರಬೇಕು. ದಾರಿಯ ತುಂಬ ಕಾಲುಗಳೇ ಇದ್ದರೆ ಅದು ನಡುವೆಯೇ ನಿಲ್ಲುತ್ತದೆ. ತುಳಿತಕ್ಕೆ ಸಿಕ್ಕಿ ಬಿರುಕು ಬಿಡುತ್ತದೆ ಅಥವಾ ಹಿಕ್ಕೆಯಿಂದ ಮಲಿನವಾಗುತ್ತದೆ. ಕೋಳಿಮೊಟ್ಟೆಯಂತೆ ದೀಪದ ಮುಂದೆ ಹಿಡಿದು ಸೂಕ್ಷ್ಮ ಬಿರುಕನ್ನು ಪತ್ತೆಹಚ್ಚಲು ಚಿಪ್ಪಿನ ಚುಕ್ಕೆಗಳು ಅಡ್ಡಿಯಾಗುವುದರಿಂದ ಇಂತಹ ಮೊಟ್ಟೆಗಳು ಪೆಟ್ಟಿಗೆಯೊಳಗೆ ಸೇರಿಹೋಗುವ ಅಪಾಯವೂ ಇದೆ. ಪೆಟ್ಟಿಗೆಯಲ್ಲಿ ಸೋರಿದ ಒಂದು ಮೊಟ್ಟೆ ಉಳಿದ ಹನ್ನೊಂದನ್ನೂ ಮಾರಾಟಕ್ಕೆ ಅಯೋಗ್ಯವಾಗಿಸುತ್ತದೆ.

ಚುಕ್ಕೆಗಳ ವಿನ್ಯಾಸ ಪ್ರತಿ ಹೆಣ್ಣಿಗೂ ತನ್ನದೇ ಆದದ್ದು. ಚಿಪ್ಪು ಬಲಿಯುವ ಕೊನೆಯ ಘಟ್ಟದಲ್ಲಿ ಆ ಬಣ್ಣ ಲೇಪನವಾಗುತ್ತದೆ. ಆ ಹೊತ್ತಿನಲ್ಲಿ ಹಕ್ಕಿ ಬೆದರಿದರೆ ಬಣ್ಣ ಮಾಸಿದ ಅಥವಾ ಸುಣ್ಣ ಬಳಿದಂತಹ ಮೊಟ್ಟೆಗಳು ಬರಬಹುದು. ಒಂದು ಪಂಜರದಿಂದ ಇಂತಹ ಮೊಟ್ಟೆಗಳು ಪದೇಪದೇ ಬಂದರೆ ಇಕ್ಕಟ್ಟು, ಗದ್ದಲ, ರೋಗ ಮತ್ತು ಮೇವಿನ ಕ್ಯಾಲ್ಸಿಯಂ ಈ ನಾಲ್ಕನ್ನೂ ಪರಿಶೀಲಿಸಬೇಕು.

ಒಂದು ಆರ್ಥಿಕ ಲೆಕ್ಕ

ಮೇಲಿನ ವಿವರಗಳನ್ನು ಹಣದ ಭಾಷೆಗೆ ತರೋಣ. ಕೆಳಗಿನ ದರಗಳೂ ಇಳುವರಿಯ ಪ್ರಮಾಣಗಳೂ ಲೆಕ್ಕವನ್ನು ವಿವರಿಸಲು ಹಿಡಿದ ಊಹೆಯ ಅಂಕಿಗಳು. ಸಾಕಣೆದಾರರು ತಮ್ಮ ಅಂಕಿಗಳನ್ನು ಅವುಗಳ ಜಾಗದಲ್ಲಿಟ್ಟು ನೋಡಬೇಕು. ಪ್ರತಿ ಹಕ್ಕಿಯ ದಿನದ ಮೇವು 25 ಗ್ರಾಂ, ಮೇವಿನ ಬೆಲೆ ಕಿಲೋಗೆ 36 ರೂ., ಮೊಟ್ಟೆಯ ಸಗಟು ಬೆಲೆ 2.50 ರೂ., ಹಕ್ಕಿಯ ಬೆಲೆ 40 ರೂ. (ಒಂದು ವರ್ಷಕ್ಕೆ ಹಂಚಿದರೆ ದಿನಕ್ಕೆ 11 ಪೈಸೆ) ಎಂದಿಟ್ಟುಕೊಳ್ಳೋಣ. ಪಂಜರ ಹಿಂದೆ ಹೇಳಿದ 10 ಚದರಡಿಯದೇ.

40 ಹಕ್ಕಿ: ಇಳುವರಿ ಶೇ. 82, ಮೊಟ್ಟೆ 32.8, ಬಿರುಕು ಶೇ. 2. ಮಾರಾಟ 80.36 ರೂ., ಮೇವು 36.00 ರೂ., ಹಕ್ಕಿಯ ವೆಚ್ಚ 4.40 ರೂ. ಉಳಿಕೆ 39.96 ರೂ.

50 ಹಕ್ಕಿ: ಇಳುವರಿ ಶೇ. 80, ಮೊಟ್ಟೆ 40, ಬಿರುಕು ಶೇ. 2. ಮಾರಾಟ 98.00 ರೂ., ಮೇವು 45.00 ರೂ., ಹಕ್ಕಿಯ ವೆಚ್ಚ 5.50 ರೂ. ಉಳಿಕೆ 47.50 ರೂ.

62 ಹಕ್ಕಿ: ಇಳುವರಿ ಶೇ. 75, ಮೊಟ್ಟೆ 46.5, ಬಿರುಕು ಶೇ. 4. ಮಾರಾಟ 111.60 ರೂ., ಮೇವು 55.80 ರೂ., ಹಕ್ಕಿಯ ವೆಚ್ಚ 6.82 ರೂ. ಉಳಿಕೆ 48.98 ರೂ.

80 ಹಕ್ಕಿ: ಇಳುವರಿ ಶೇ. 60, ಮೊಟ್ಟೆ 48, ಬಿರುಕು ಶೇ. 8. ಮಾರಾಟ 110.40 ರೂ., ಮೇವು 72.00 ರೂ., ಹಕ್ಕಿಯ ವೆಚ್ಚ 8.80 ರೂ. ಉಳಿಕೆ 29.60 ರೂ.

ಅತಿ ಹೆಚ್ಚು ಮೊಟ್ಟೆ ಕೊಟ್ಟ ಪಂಜರವೇ ಇಲ್ಲಿ ಅತಿ ಕಡಿಮೆ ಹಣವನ್ನು ಉಳಿಸಿದೆ. ಸಂಜೆ ಬುಟ್ಟಿಯಲ್ಲಿ ಬಿದ್ದ ಮೊಟ್ಟೆಗಳನ್ನಷ್ಟೇ ಎಣಿಸುವವರಿಗೆ 80 ಹಕ್ಕಿಗಳ ಪಂಜರವೇ ಉತ್ತಮವೆಂದು ತೋರುತ್ತದೆ. ಮೇವಿನ ಚೀಲವನ್ನು ಎಣಿಸಿದಾಗ ನಿಜಸ್ಥಿತಿ ತಿಳಿಯುತ್ತದೆ. 50 ಹಕ್ಕಿಗಳ ಪಂಜರದಲ್ಲಿ ಒಂದು ಮೊಟ್ಟೆಗೆ 31 ಗ್ರಾಂ ಮೇವು ತಗಲಿದರೆ 80 ಹಕ್ಕಿಗಳ ಪಂಜರದಲ್ಲಿ ಸುಮಾರು 42 ಗ್ರಾಂ ತಗಲುತ್ತದೆ. ಹಕ್ಕಿ ಮೊಟ್ಟೆ ಇಡಲಿ ಬಿಡಲಿ, ಮೇವು ತಿಂದೇ ತಿನ್ನುತ್ತದೆ.

62 ಹಕ್ಕಿಗಳ ಪಂಜರ 50 ಹಕ್ಕಿಗಳ ಪಂಜರಕ್ಕಿಂತ ದಿನಕ್ಕೆ ಒಂದೂವರೆ ರೂಪಾಯಿಯಷ್ಟು ಹೆಚ್ಚು ಉಳಿಸಿದೆ ನಿಜ. ಆದರೆ ಅದರ ಇಳುವರಿ ಶೇ. 75ರ ಬದಲು 73 ಆದರೆ ಉಳಿಕೆ 46 ರೂಪಾಯಿಗೆ ಇಳಿದು, 50ರ ಪಂಜರವೇ ಮುಂದಾಗುತ್ತದೆ. ಸಾವಿನ ನಷ್ಟ, ಬೇಸಿಗೆಯ ಇಳಿತ ಇವುಗಳನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ. ಹೀಗೆ ಎರಡು ಶೇಕಡಾ ಅಂತರದಲ್ಲಿ ಲಾಭ ನಷ್ಟವಾಗುವ ಅಂಚಿನಲ್ಲಿ ನಿಲ್ಲುವುದಕ್ಕಿಂತ ತಲಾ 180 ಚದರ ಸೆಂ.ಮೀ. ಆಸುಪಾಸಿನಲ್ಲಿ, ಅಂದರೆ ಚದರಡಿಗೆ ಐದು ಹಕ್ಕಿಗಳಂತೆ ಇರಿಸುವುದು ಕ್ಷೇಮಕರ. ಹಾಗೆಂದು 40ಕ್ಕೆ ಇಳಿಸುವುದೂ ಈ ದರಗಳಲ್ಲಿ ಲಾಭಕರವಲ್ಲ. ಪಂಜರದ ಮೇಲೆ ಹೂಡಿದ ಹಣ ಪೂರ್ತಿ ದುಡಿಯುವುದಿಲ್ಲ.

ಸ್ವಂತ ಪರೀಕ್ಷೆಯ ವಿಧಾನ

ಪ್ರತಿಯೊಬ್ಬರ ತಳಿ, ಮೇವು, ಷೆಡ್ಡು ಬೇರೆಬೇರೆ. ಆದುದರಿಂದ ಎಂಟು ವಾರಗಳ ಒಂದು ಸರಳ ಪರೀಕ್ಷೆಯನ್ನು ಸ್ವತಃ ನಡೆಸುವುದು ಒಳ್ಳೆಯದು. ಒಂದೇ ದಿನ ಹುಟ್ಟಿದ ಹೆಣ್ಣು ಹಕ್ಕಿಗಳನ್ನು ಆರಿಸದೆ, ಕೈಗೆ ಬಂದಂತೆ ಪಂಜರಗಳಿಗೆ ಹಂಚಬೇಕು. ಪ್ರತಿ ಸಾಂದ್ರತೆಗೆ ಕನಿಷ್ಠ ಮೂರು ಪಂಜರಗಳಿರಬೇಕು. ಅವು ಮೇಲಿನ, ನಡುವಿನ, ಕೆಳಗಿನ ಅಂತಸ್ತುಗಳಲ್ಲಿ ಹಂಚಿಕೆಯಾಗಿರಬೇಕು. ಇಲ್ಲವಾದರೆ ಬೆಳಕು ಮತ್ತು ಶಾಖದ ವ್ಯತ್ಯಾಸವನ್ನೇ ಸಾಂದ್ರತೆಯ ಪರಿಣಾಮವೆಂದು ಭಾವಿಸುವ ಪ್ರಮಾದವಾಗುತ್ತದೆ. ತಲಾ ತೊಟ್ಟಿಯ ಜಾಗವೂ ಗುಂಪಿನ ಗಾತ್ರವೂ ಸಾಂದ್ರತೆಯೊಡನೆ ಬದಲಾಗುತ್ತವೆಂಬುದನ್ನು ಮರೆಯಬಾರದು. ತಲಾ ಜಾಗ ಒಂದೇ ಆಗಿದ್ದರೂ ಹತ್ತು ಹಕ್ಕಿಗಳ ಗುಂಪು ಐವತ್ತರ ಗುಂಪಿನಂತೆ ವರ್ತಿಸುವುದಿಲ್ಲ.

ಪ್ರತಿ ಪಂಜರಕ್ಕೆ ಒಂದು ಹಾಳೆಯನ್ನು ತೂಗುಹಾಕಿ ದಿನವೂ ಐದು ಅಂಕಿಗಳನ್ನು ಬರೆಯಬೇಕು: ಬದುಕಿರುವ ಹಕ್ಕಿಗಳು, ಒಟ್ಟು ಮೊಟ್ಟೆ, ಬಿರುಕಿನ ಮೊಟ್ಟೆ, ಕೊಳಕು ಮೊಟ್ಟೆ, ಹಾಕಿದ ಮೇವು. ವಾರಕ್ಕೊಮ್ಮೆ ಇಪ್ಪತ್ತು ಮೊಟ್ಟೆಗಳನ್ನು ಒಟ್ಟಿಗೆ ತೂಗಿ ಸರಾಸರಿ ತೆಗೆಯಬೇಕು. ಗೌಜಲಕ್ಕಿಗಳು ಹೆಚ್ಚಿನ ಮೊಟ್ಟೆಗಳನ್ನು ಇಳಿಹೊತ್ತಿನಿಂದ ಸಂಜೆಯವರೆಗೆ ಇಡುವುದರಿಂದ ಸಂಜೆ ತಪ್ಪದೆ ಸಂಗ್ರಹಿಸಬೇಕು. ಬೆಳಿಗ್ಗೆ ಮಾತ್ರ ಸಂಗ್ರಹಿಸಿದರೆ ಮೊಟ್ಟೆಗಳು ರಾತ್ರಿಯಿಡೀ ಪಂಜರದಲ್ಲೇ ಉಳಿದು, ಬಿರುಕಿನ ಅಂಕಿ ಹೆಚ್ಚಾಗಿ ಬರುತ್ತದೆ.

ನಗರದ ಉದ್ದಿಮೆದಾರರಿಗೆ ಸೂಚನೆ

ಗಿರಿನಗರ, ಹೊಸಕೆರೆಹಳ್ಳಿ, ಕತ್ತರಿಗುಪ್ಪೆಗಳಂತಹ ಕಡೆ 30×40 ಅಡಿಯ ನಿವೇಶನದ ಮನೆಯ ತಾರಸಿಯ ಮೇಲೆ ಪಂಜರಗಳನ್ನಿಡುವ ಆಲೋಚನೆ ಹಲವರಲ್ಲಿ ಮೂಡುವುದು ಸಹಜ. ನಾಲ್ಕು ಅಂತಸ್ತಿನ ಒಂದು ಘಟಕ 10 ಚದರಡಿ ನೆಲದಲ್ಲಿ 200 ಹಕ್ಕಿಗಳನ್ನು ಹಿಡಿಯುತ್ತದೆ. ಅಷ್ಟು ಹಕ್ಕಿಗಳು ದಿನಕ್ಕೆ 5 ಕಿಲೋ ಮೇವು ತಿಂದು, ಸುಮಾರು ಅಷ್ಟೇ ತೂಕದ ಹಸಿ ಹಿಕ್ಕೆಯನ್ನು ಹಾಕುತ್ತವೆ. ಅದನ್ನು ದಿನವೂ ಎಲ್ಲಿಗೆ ಸಾಗಿಸಬೇಕೆಂಬುದು ನಿರ್ಧಾರವಾಗದೆ, ನಗರ ಪಾಲಿಕೆಯ ನಿಯಮಗಳನ್ನು ವಿಚಾರಿಸದೆ, ನೆರೆಹೊರೆಯವರ ಒಪ್ಪಿಗೆಯಿಲ್ಲದೆ ಹಣ ಹೂಡಬಾರದು. ವಸತಿ ಬಡಾವಣೆಯಲ್ಲಿ ಸಂಗ್ರಹ, ಪ್ಯಾಕಿಂಗ್ ಮತ್ತು ವಿತರಣೆಯನ್ನು ಇಟ್ಟುಕೊಂಡು ಸಾಕಣೆಯನ್ನು ಹಳ್ಳಿಯ ಜಮೀನಿನಲ್ಲಿ ನಡೆಸುವುದು ಹೆಚ್ಚು ಪ್ರಾಯೋಗಿಕ.

ರೋಗದ ಅಪಾಯವನ್ನೂ ಅಲಕ್ಷಿಸುವಂತಿಲ್ಲ. 2012ರ ಅಕ್ಟೋಬರಿನಲ್ಲಿ ಹೆಸರಘಟ್ಟದ ಕೇಂದ್ರೀಯ ಕೋಳಿ ಅಭಿವೃದ್ಧಿ ಸಂಸ್ಥೆಯಲ್ಲಿ ಹಕ್ಕಿಜ್ವರ ಕಾಣಿಸಿಕೊಂಡು ಸಾವಿರಾರು ಹಕ್ಕಿಗಳನ್ನು ನಾಶಪಡಿಸಬೇಕಾಯಿತು. ಗೌಜಲಕ್ಕಿಯೂ ಈ ರೋಗಕ್ಕೆ ತುತ್ತಾಗುವ ಹಕ್ಕಿಯೇ. ಯಾವುದೇ ಸಾಂಕ್ರಾಮಿಕವು ಒತ್ತಾಗಿ ನಿಂತ ಹಕ್ಕಿಗಳಲ್ಲಿ ಬೇಗ ಹರಡುತ್ತದೆ. ತಾಂತ್ರಿಕ ಸಲಹೆಗಾಗಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜನ್ನು ಸಂಪರ್ಕಿಸಬಹುದು. ಪಶು ಆಹಾರದ ಸಂಶೋಧನೆಗೆ ಮೀಸಲಾದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯು ದಕ್ಷಿಣ ಬೆಂಗಳೂರಿನ ಆಡುಗೋಡಿಯಲ್ಲಿಯೇ ಇದೆ.

ಮೊಟ್ಟೆಯನ್ನು ಕೊಳ್ಳುವ ವರ್ತಕರಿಗೂ ಇಲ್ಲಿ ಪಾತ್ರವಿದೆ. ಬೆಲೆಯನ್ನು ಎಣಿಕೆಯ ಮೇಲಷ್ಟೇ ನಿಗದಿಪಡಿಸಿದರೆ ಸಾಕಣೆದಾರನಿಗೆ ಹಕ್ಕಿಗಳನ್ನು ತುರುಕುವ ಪ್ರಲೋಭನೆ ಉಂಟಾಗುತ್ತದೆ. ನೂರು ಮೊಟ್ಟೆಗಳ ಕನಿಷ್ಠ ತೂಕ, ಬಿರುಕಿನ ಗರಿಷ್ಠ ಪ್ರಮಾಣ ಮತ್ತು ಸಂಗ್ರಹದ ದಿನಾಂಕ ಈ ಮೂರನ್ನು ಖರೀದಿಯ ಕರಾರಿನಲ್ಲಿ ಸೇರಿಸಿದರೆ ಉತ್ತಮ ಪಾಲನೆಗೆ ತಕ್ಕ ಬೆಲೆ ದೊರೆಯುತ್ತದೆ.

ಸಾರಾಂಶ

1. ಮೊಟ್ಟೆಯ ಗೌಜಲಕ್ಕಿಗೆ ಪಂಜರದಲ್ಲಿ ತಲಾ 180 ಚದರ ಸೆಂ.ಮೀ. ಜಾಗವನ್ನು ಗುರಿಯಾಗಿಟ್ಟುಕೊಳ್ಳಬೇಕು, 150ಕ್ಕಿಂತ ಕೆಳಗೆ ಇಳಿಯಬಾರದು.

2. ಪಂಜರದ ಎತ್ತರ 20ರಿಂದ 25 ಸೆಂ.ಮೀ. ಇದ್ದರೆ ಹಕ್ಕಿ ನೆಗೆದು ತಲೆಗೆ ಬಲವಾದ ಪೆಟ್ಟು ಮಾಡಿಕೊಳ್ಳುವುದು ತಪ್ಪುತ್ತದೆ. ತೊಟ್ಟಿಯ ಮುಂದೆ ತಲಾ 2ರಿಂದ 2.5 ಸೆಂ.ಮೀ. ಜಾಗವಿರಲಿ.

3. ಬೇಸಿಗೆ ಆರಂಭವಾಗುವ ಮುನ್ನ ಮೇಲಿನ ಅಂತಸ್ತಿನ ಪಂಜರಗಳಲ್ಲಿ ಹಕ್ಕಿಗಳ ಸಂಖ್ಯೆಯನ್ನು ತಗ್ಗಿಸಬೇಕು.

4. ಪಂಜರಕ್ಕೆ ಎಷ್ಟು ಮೊಟ್ಟೆ ಎಂದು ಎಣಿಸುವುದರ ಜೊತೆಗೆ ಮೊಟ್ಟೆಗೆ ಎಷ್ಟು ಗ್ರಾಂ ಮೇವು, ಬಿಟ್ಟ ಹಕ್ಕಿಗೆ ಎಷ್ಟು ಮೊಟ್ಟೆ ಎಂಬುದನ್ನೂ ಲೆಕ್ಕವಿಡಬೇಕು.

5. ಮೊಟ್ಟೆಯ ಒಳಗುಣ ಚೆನ್ನಾಗಿದೆಯೆಂದ ಮಾತ್ರಕ್ಕೆ ಪಂಜರ ಚೆನ್ನಾಗಿದೆಯೆಂದು ಭಾವಿಸಬಾರದು. ಇಕ್ಕಟ್ಟಿನ ನಷ್ಟ ಮೊದಲು ಕಾಣುವುದು ಬಿರುಕಿನ ಎಣಿಕೆಯಲ್ಲಿ, ಸಾವಿನ ಎಣಿಕೆಯಲ್ಲಿ ಮತ್ತು ಮೇವಿನ ಲೆಕ್ಕದಲ್ಲಿ.

ಗೌಜಲಕ್ಕಿ ಸಾಕಣೆಯು ಅಲ್ಪ ಜಾಗದ ಉದ್ದಿಮೆಯೆಂಬುದು ಸತ್ಯ. ಆದರೆ ಆ ಅಲ್ಪ ಜಾಗವನ್ನೂ ಹಕ್ಕಿಯಿಂದ ಕಸಿದುಕೊಂಡಾಗ ಉಳಿತಾಯವಾಗುವುದು ನೆಲ ಮಾತ್ರ, ಹಣವಲ್ಲ. ಉದ್ದಿಮೆಗೆ ಇಳಿಯುವವರು ಪಂಜರ ಕೊಳ್ಳುವ ಮೊದಲೇ ಈ ಲೆಕ್ಕವನ್ನು ತಮ್ಮ ಅಂಕಿಗಳೊಡನೆ ಒಮ್ಮೆ ಮಾಡಿ ನೋಡುವುದು ಒಳಿತು.